ಬೇಸ್ ಗಿಟಾರಿನ ತವರುಮನೆ

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಚಪ್ಪಲಿ ಮೆಟ್ಟಿಕೊಳ್ಳಿ. ಅರ್ಧ ಕತೆಯಲ್ಲಿ ಎದ್ದು ‘ಇದೆಲ್ಲಾ ನಡೆಯೋ ಮಾತಾ’ ಅಂದವರನ್ನು ಸುಮ್ಮನೆ ಬಿಡುವುದಿಲ್ಲ. ಕೈ ಹಿಡಿದು ನಮ್ಮ ಸೋಗೆಹುಂಡಿಗೆ ಕರೆದೊಯ್ದು ಆ ಗಿಟಾರಿನ ಎದುರು ನಿಲ್ಲಿಸಿಬಿಡುತ್ತೇನೆ. ಆಮೇಲೆ ನಿಮ್ಮ ಬಾಯಿ ಒಪ್ಪದಿದ್ದರೂ ಎದೆ ಒಪ್ಪಿಕೊಳ್ಳುತ್ತದೆ.

ಸೋಗೆಹುಂಡಿ ಅಂದರೆ ಅಂಥಿಂಥ ಊರಲ್ಲ. ಬೇರೆ ಹಳ್ಳಿಯವರು ಮದುವೆಗೆ ಪೇಟೆಯಿಂದ ವಾದ್ಯದವರನ್ನು ಕರೆಸುತ್ತಾರೆ. ಪೇಟೆಯವರು ನಮ್ಮೂರಿನಿಂದ ಕರೆಸುತ್ತಾರೆ. ಕಾರಣ, ಅಂತೋಣಪ್ಪ ಮೇಷ್ಟ್ರ ಆರ್ಕೆಸ್ಟ್ರಾ. ಹಾಡುವವರು, ಡ್ರಮ್ಮಿನವರು, ಕೀಬೋರ್ಡಿನವರು, ಎಲ್ಲರಿಗೂ ಚಿನ್ನದಂಚಿನ ಕೆಂಪು ಕೋಟು. ನಟ್ಟನಡುವೆ ಮೇಷ್ಟ್ರು, ಕೊರಳಲ್ಲಿ ಬೇಸ್ ಗಿಟಾರು. ಇರುವುದು ನಾಲ್ಕೇ ತಂತಿ. ಹೆಬ್ಬೆರಳಲ್ಲಿ ಒಂದು ಸಲ ಮಿಡಿದರೆ ಸಾಕು. ಬೇರೆ ವಾದ್ಯ ಕಿವಿಗೆ ಕೇಳಿಸಿದರೆ ಇದು ಅಂಗಾಲಿಗೆ ಕೇಳಿಸುತ್ತಿತ್ತು. ತೊಟ್ಟಿಲ ಮಗು ಅಳು ನಿಲ್ಲಿಸುತ್ತಿತ್ತು, ಜಗಳ ಆಡುತ್ತಿದ್ದ ಬೀಗರು ಮಾತು ನಿಲ್ಲಿಸುತ್ತಿದ್ದರು.

ಆ ಕೆಂಪು ಕೋಟುಗಳನ್ನು ಒಗೆದು ಇಸ್ತ್ರಿ ಮಾಡಿಕೊಡುತ್ತಿದ್ದವಳು ದ್ಯಾವಮ್ಮ. ಗಂಡ ಇಲ್ಲ, ಹೊಲ ಇಲ್ಲ. ಇದ್ದವನು ಒಬ್ಬ ಮಗ, ಮಾಯಿಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಒಂದು ದಿನ ದ್ಯಾವಮ್ಮ ಕೆರೆಗೆ ಹೋಗುವಾಗ, ಬೆಕ್ಕು ಬಂದರೆ ಹಾಲಿನ ಮೇಲೆ ತಟ್ಟೆ ಮುಚ್ಚು ಅಂದಳು. ಮಾಯಿಗ ಕಾದ, ಕಾದ, ಬೆಕ್ಕು ಬರಲಿಲ್ಲ. ಅವ್ವ ಹೇಳಿದ ಕೆಲಸ ಹಾಗೇ ಉಳಿದೀತು ಅಂತ ಪಕ್ಕದ ಬೀದಿಗೆ ಹೋಗಿ ಒಂದು ಬೆಕ್ಕು ಹಿಡಿದು ತಂದು, ಹಾಲಿನ ಪಕ್ಕ ಕೂರಿಸಿ, ಆಮೇಲೆ ತಟ್ಟೆ ಹುಡುಕಲು ಹೋದ. ಹೇಳಿದ್ದು ಕೇಳಿದ, ಕೇಳಿದ್ದು ಮಾಡಿದ. ಅವನ ತಪ್ಪೇನು ಬಂತು?

ಒಗೆಯುವ ಕೋಟುಗಳಲ್ಲಿ ಒಂದಕ್ಕೆ ವಾರಸುದಾರರಿರಲಿಲ್ಲ. ಸ್ಪೀಕರ್ ಪೆಟ್ಟಿಗೆ ಹೊರುತ್ತಿದ್ದ ಉದ್ದನೆಯ ಆಳು ಬಿಟ್ಟು ಹೋದ ಕೋಟು ಅದು. ದ್ಯಾವಮ್ಮ ಅದನ್ನೂ ಒಗೆಯುತ್ತಿದ್ದಳು, ಒಣಗಿದ ಮೇಲೆ ಮಗನ ಬೆನ್ನಿಗೆ ಹಿಡಿದು ನೋಡುತ್ತಿದ್ದಳು. ಆ ಕೋಟು ಇವನ ಮೈಮೇಲೆ ಬಂದರೆ ಆರ್ಕೆಸ್ಟ್ರಾ ಟೆಂಪೋದಲ್ಲಿ ಒಂದು ಜಾಗ, ಮದುವೆಮನೆಯಲ್ಲಿ ಒಂದು ಎಲೆ, ತಾನು ಕಾಲವಾದ ಮೇಲೂ ಇವನಿಗೊಂದು ದಿಕ್ಕು. ಅವಳ ಆಸೆಯೆಲ್ಲ ಆ ಕೋಟಿನ ಜೊತೆ ಗೋಡೆಯ ಗೂಟದಲ್ಲಿ ನೇತಾಡುತ್ತಿತ್ತು.

ಹೀಗಿರುವಾಗ ಟೆಂಪೋದಿಂದ ಬಿದ್ದು ಮೇಷ್ಟ್ರ ಗಿಟಾರಿನ ಕತ್ತು ಮುರಿಯಿತು. ದ್ಯಾವಮ್ಮ ಅದೇ ಹೊತ್ತಿಗೆ ಹೋಗಿ ಕೈ ಮುಗಿದಳು. ಪೇಟೆಯಿಂದ ಹೊಸದು ತರಲು ಮಾಯಿಗನನ್ನೇ ಕಳಿಸಿ, ಸರಿಯಾಗಿ ತಂದರೆ ಕೋಟು ಕೊಡಿ ಅಂತ ಬೇಡಿಕೊಂಡಳು. ಮೇಷ್ಟ್ರು ಒಪ್ಪಿ, ಮಾಯಿಗನನ್ನು ಎದುರು ಕೂರಿಸಿಕೊಂಡು ಪಾಠ ಹೇಳಿದರು. ಗಿಟಾರಿಗೆ ಹುಟ್ಟಿದ ದೇಶವೇ ಎಲ್ಲ. ಜಪಾನಿನಲ್ಲಿ ಹುಟ್ಟಿದ್ದು ಗುಡುಗುತ್ತದೆ, ಚೀನಾದ್ದು ಗೊಣಗುತ್ತದೆ, ಕಲ್ಕತ್ತಾದ್ದು ಕೆಮ್ಮುತ್ತದೆ. ಬೆನ್ನಿನ ಮೇಲೆ ದೇಶದ ಹೆಸರಿನ ಚೀಟಿ ಅಂಟಿಸಿರುತ್ತಾರೆ. ಹುಟ್ಟೂರಿನ ವಿಷಯದಲ್ಲಿ ಸುಳ್ಳು ಹೇಳಬಾರದು, ಯಾರಾದರೂ ಹೇಳಿದರೆ ಕೇಳಿಕೊಂಡು ಸುಮ್ಮನಿರಲೂಬಾರದು.

ಮಾಯಿಗ ಬಾಯಿ ತೆರೆದು ಕೂತಿದ್ದ. “ಜಪಾನು ಎಲ್ಲದೆ ಮೇಷ್ಟ್ರೇ?”

“ಸೂರ್ಯ ಹುಟ್ಟೋ ಕಡೆ. ಅಲ್ಲಿ ಹುಟ್ಟಿ ಆಮೇಲೆ ಇಲ್ಲಿಗೆ ಬತ್ತಾನೆ. ಚೀಟಿ ನೋಡು ಕಣ್ಲಾ. ಮುಖ್ಯ ಚೀಟಿ. ಉಳಿದದ್ದು ಬರೀ ಮರ.”

ಅಬ್ಬಾ, ಸೂರ್ಯನ ಊರಿನ ವಾದ್ಯ! ಮಾಯಿಗ ಪೇಟೆಯ ಅಬ್ಬಾಸ್ ಸಾಬರ ಅಂಗಡಿಗೆ ಹೋದ. ಮುಚ್ಚಿಹೋದ ಆರ್ಕೆಸ್ಟ್ರಾಗಳಿಂದ ಕೊಂಡು, ಒಂದೇ ಕಪ್ಪು ಬಣ್ಣ ಬಳಿದ ಮೂರು ಬೇಸ್ ಗಿಟಾರು ಅಲ್ಲಿ ನೇತಾಡುತ್ತಿದ್ದವು. ಮೂರಕ್ಕೂ ಬೆನ್ನಲ್ಲಿ ಚೀಟಿ. ಸಾಬರು ಟೀ ಹೇಳಲು ಹೊರಗೆ ಹೋದರು. ಮಾಯಿಗ ಮೂರೂ ಚೀಟಿಯನ್ನು ಎಂಜಲು ಹಚ್ಚಿ ನಾಜೂಕಾಗಿ ಬಿಡಿಸಿ, ಪಂಚೆಯ ಅಂಚಿಗೆ ಗಂಟು ಹಾಕಿಕೊಂಡು ಊರಿಗೆ ಬಂದುಬಿಟ್ಟ.

“ಗಿಟಾರು ಎಲ್ಲೋ?” ಅಂದರು ಮೇಷ್ಟ್ರು.

“ಅದು ಬರೀ ಮರ ಅಂದ್ರಲ್ಲ. ಮರ ನಮ್ಮ ಹಿತ್ಲಲ್ಲೇ ಅದೆ. ಮುಖ್ಯವಾದ್ದು ತಂದಿವ್ನಿ.”

ಮೇಷ್ಟ್ರು ಮೂರು ಚೀಟಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಮೂರು ದೇಶವೂ ಇಲ್ಲಿವೆ, ಮೂರು ಗಿಟಾರೂ ಅಲ್ಲಿವೆ, ಯಾವುದು ಯಾವುದರದ್ದು ಅಂತ ಹೇಳುವವರು ಲೋಕದಲ್ಲಿಲ್ಲ. ದ್ಯಾವಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೇಷ್ಟ್ರು ಕೂಗಿದರು, ಕುಣಿದರು, ಕೊನೆಗೆ ಚೀಟಿಗಳನ್ನು ಅವನ ಕೈಗೇ ಹಾಕಿ, ಇವನ್ನು ನೀನೇ ಇಟ್ಕೊಂಡು ಸಾಯಿ ಅಂದರು. ಮಾಯಿಗ ಮತ್ತೆ ಗಂಟು ಹಾಕಿಕೊಂಡ.

ಮಾರನೆಯ ದಿನ ಮೇಷ್ಟ್ರೇ ಅವನನ್ನು ಕರೆದುಕೊಂಡು ಪೇಟೆಗೆ ಹೋದರು. ಚೀಟಿ ಹೋದರೆ ಹೋಗಲಿ, ನನ್ನ ಕಿವಿ ಇದೆಯಲ್ಲ ಅಂತ ಸಾಬರ ಎದುರು ಎದೆ ತಟ್ಟಿಕೊಂಡರು. ಕಣ್ಣು ಮುಚ್ಚಿ ಒಂದೊಂದನ್ನೇ ಬಾರಿಸಿದರು. ಮೊದಲನೆಯದಕ್ಕೆ ಮೂಗು ಮುರಿದರು. ಎರಡನೆಯದಕ್ಕೆ ತಲೆ ಆಡಿಸಿದರು. ಮೂರನೆಯದನ್ನು ಮಿಡಿದರೆ, ಗಲ್ಲಾಪೆಟ್ಟಿಗೆಯ ಮೇಲಿದ್ದ ಟೀ ಲೋಟ ತಾನಾಗಿ ನಡೆದುಕೊಂಡು ಅಂಚಿಗೆ ಬಂತು. ಬೀದಿಯಲ್ಲಿ ಹೋಗುತ್ತಿದ್ದ ಎತ್ತು ನಿಂತು ತಿರುಗಿ ನೋಡಿತು. ಮಾಯಿಗನ ಹೊಟ್ಟೆಯೊಳಗೆ ಯಾರೋ ದೊಡ್ಡ ಬಾಗಿಲು ತೆರೆದಂತಾಯಿತು.

ಮೇಷ್ಟ್ರು ಕಣ್ಣು ಬಿಟ್ಟು ಮೆಲ್ಲಗೆ, “ಇದೇ ಜಪಾನು” ಅಂದರು.

ಅವರಿಗೆ ಬೇರೆ ಕೆಲಸವಿತ್ತು. ಹೊರಡುವ ಮುಂಚೆ ಮಾಯಿಗನ ಕಿವಿ ಹಿಂಡಿ ಹೊಸ ಬುದ್ಧಿ ಹೇಳಿದರು. “ಗಿಟಾರು ತರೋದು ಅಂದ್ರೆ ಸೊಸೆ ತಂದಂಗೆ ಕಣ್ಲಾ. ಕುಲ ಊರು ನಾನು ನೋಡಿದ್ದಾಯ್ತು. ಸೊಸೇನ ಹೆಂಗೆ ಮನೆ ತುಂಬಿಸ್ಕೊತಾರೋ ಹಂಗೆ ತರಬೇಕು.”

ಹೇಳಿದ್ದು ಕೇಳಿದ, ಕೇಳಿದ್ದು ಮಾಡಿದ. ಊರಿಗೆ ಓಡಿಹೋಗಿ ಅವ್ವನ ಹಸಿರು ಸೀರೆ ತಂದು ಗಿಟಾರಿಗೆ ಉಡಿಸಿದ. ತಂತಿ ಬಿಗಿಯುವ ನಾಲ್ಕು ಕಿವಿಗೂ ಗಾಜಿನ ಬಳೆ ತೊಡಿಸಿದ. ಬಸ್ಸಿನಲ್ಲಿ ಹೆಂಗಸರ ಸೀಟಿಗೆ ಕೂರಿಸಿ ತಾನು ಪಕ್ಕದಲ್ಲಿ ನಿಂತುಕೊಂಡ. ಯಾರ ಮನೆಯ ಹೆಣ್ಣು ಅಂತ ಒಬ್ಬ ಅಜ್ಜಿ ಕೇಳಿದಳು. ಜಪಾನಿನ ಕಡೆಯವರು ಅಂದ. ಪಾಪ ದೂರವಾಯಿತು ಅಂತ ಅಜ್ಜಿ ಮರುಗಿ ಒಂದು ಬಾಳೆಹಣ್ಣು ಕೊಟ್ಟಳು. ಊರಿಗೆ ಬಂದವನು ಮೇಷ್ಟ್ರ ಹೊಸ್ತಿಲ ಮೇಲೆ ಸೇರಕ್ಕಿ ಇಟ್ಟು, ಗಿಟಾರಿನ ಬುಡದಿಂದ ಒದೆಸಿಯೇ ಒಳಗೆ ತಂದ. ಅಕ್ಕಿ ನಡುಮನೆ ತುಂಬ ಹರಡಿತು. ಯೇಸುಸ್ವಾಮಿಯ ಪಟದ ಕೆಳಗೆ ಗಿಟಾರು ಸೀರೆ ಉಟ್ಟುಕೊಂಡು ಗೋಡೆಗೊರಗಿ ನಿಂತಿತು.

ಮೇಷ್ಟ್ರು ಬಂದು ನೋಡಿ ತಲೆ ಹಿಡಿದುಕೊಂಡು ಕೂತರು. ದ್ಯಾವಮ್ಮ ಕಾಲಿಗೆ ಬಿದ್ದಳು. ನೋಡಿ, ಒಂದು ಗೀರೂ ಬಿದ್ದಿಲ್ಲ, ಹೂವಿನ ಹಾಗೆ ತಂದಿದ್ದಾನೆ, ಇನ್ನೊಂದು ಅವಕಾಶ ಕೊಡಿ ಅಂದಳು. ಅದು ನಿಜವೇ ಆಗಿತ್ತು. ಮುರಿದುಹೋದ ಆ ಹಳೇ ಗಿಟಾರನ್ನೂ ಇಷ್ಟು ಜೋಪಾನವಾಗಿ ಯಾರೂ ತಂದಿರಲಿಲ್ಲ. ಇಗರ್ಜಿಯ ಸಂತ ಅನ್ನಮ್ಮನ ಹಬ್ಬದ ತನಕ ಇದನ್ನು ಕಾಯಲಿ, ಹಬ್ಬದ ದಿನ ಸರಿಯಾಗಿ ಕೈಗೆ ಕೊಟ್ಟರೆ ಕೋಟು ಅಂತ ಮೇಷ್ಟ್ರು ಅಂದರು.

“ಹೆಂಗೆ ಕಾಯಬೇಕು ಮೇಷ್ಟ್ರೇ?”

ಮೇಷ್ಟ್ರಿಗೆ ಸಾಕಾಗಿತ್ತು. “ಸೊಸೆ ಅಂತ ತಂದೆಯಲ್ಲ, ಸೊಸೆ ಹಂಗೇ ನೋಡ್ಕೋ. ಕಾಲಕಾಲಕ್ಕೆ ಏನು ಮಾಡ್ಬೇಕೋ ಮಾಡು. ಪ್ರತಿಯೊಂದಕ್ಕೂ ಬಂದು ನನ್ನ ಕೇಳ್ಬೇಡ.”

ಮಾಯಿಗ ನೋಡಿಕೊಂಡ ಬಗೆ ನೋಡಬೇಕಿತ್ತು. ಬಿಸಿಲಿಗೆ ಇಡಲಿಲ್ಲ, ಥಂಡಿಗೆ ಇಡಲಿಲ್ಲ. ಬೆಳಿಗ್ಗೆ ಎದ್ದು ಸೂರ್ಯನ ಕಡೆ ನೋಡಿ, ನಿಮ್ಮ ಮಗಳು ಚೆನ್ನಾಗವ್ಳೆ ಅಂತ ಹೇಳುತ್ತಿದ್ದ. ಮೇಷ್ಟ್ರು ಸಂಜೆ ಬಾರಿಸಲು ಕೂತರೆ ಇವನು ಎದುರು ಕೂತು ಆ ಹೆಬ್ಬೆರಳನ್ನೇ ನೋಡುತ್ತಿದ್ದ. ಅದು ಗೋಡೆಗೊರಗಿದ್ದಾಗ ಮೂಗಿ. ಮೇಷ್ಟ್ರ ಹೆಬ್ಬೆರಳು ಮುಟ್ಟಿದರೆ ಮಳೆಗಾಲದ ಮೋಡ.

ಆ ವರ್ಷ ಆಷಾಢ ತಡವಾಗಿ ಬಂತು. ಅನ್ನಮ್ಮನ ಹಬ್ಬಕ್ಕೆ ಇನ್ನೊಂದೇ ದಿನ ಅನ್ನುವಾಗ ಹುಟ್ಟಿತು. ನಮ್ಮ ಇಗರ್ಜಿಯವರಿಗೆ ಆಷಾಢವೂ ಒಂದೇ, ಶ್ರಾವಣವೂ ಒಂದೇ. ಆದರೆ ಆಚೆಮನೆಯ ಗೌಡರ ಹೊಸ ಸೊಸೆ ಅವತ್ತು ಗಂಟುಮೂಟೆ ಕಟ್ಟುತ್ತಿದ್ದಳು. ಎಲ್ಲಿಗೆ ಅಂತ ಮಾಯಿಗ ಅವ್ವನನ್ನು ಕೇಳಿದ. ದ್ಯಾವಮ್ಮ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಾ, ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಹೊಸ ಸೊಸೆಯನ್ನು ತವರಿಗೆ ಕಳಿಸಬೇಕು ಕಣಪ್ಪ ಅಂದಳು.

ಮಾಯಿಗ ತಲೆ ಚಚ್ಚಿಕೊಂಡ. ಎಷ್ಟು ದೊಡ್ಡ ತಪ್ಪಾಗುತ್ತಿತ್ತು! ಮೇಷ್ಟ್ರು ಗಂಡಸಾದರೇನು, ಗಿಟಾರಿನ ಅತ್ತೆಯ ಜಾಗದಲ್ಲಿದ್ದವರು ಅವರೇ ತಾನೇ. ಕೇಳಬೇಡ ಅಂದಿದ್ದಾರೆ, ಕೇಳಲಿಲ್ಲ. ಹಬ್ಬದ ದಿನ ಕೋಳಿ ಕೂಗುತ್ತಲೇ ಗಿಟಾರಿಗೆ ಸೀರೆ ಉಡಿಸಿ, ಮಡಿಲಕ್ಕಿ ಕಟ್ಟಿ, ಹೆಗಲಿಗೇರಿಸಿಕೊಂಡು ಸೂರ್ಯ ಹುಟ್ಟುವ ದಿಕ್ಕಿಗೆ ನಡೆದ. ಜಪಾನಿಗೆ.

ಪೇಟೆ ಇದ್ದದ್ದೂ ಅದೇ ದಿಕ್ಕಿಗೆ. ಅದು ಆ ಗಿಟಾರಿನ ಪುಣ್ಯ. ಅಂಗಡಿ ಬಾಗಿಲು ತೆಗೆಯುತ್ತಿದ್ದ ಅಬ್ಬಾಸ್ ಸಾಬರಿಗೆ, ಸೀರೆ ಉಟ್ಟ ಗಿಟಾರು ಹೊತ್ತವನು ಎದುರಾಗಿ, ಜಪಾನು ಇನ್ನೆಷ್ಟು ದೂರ, ಅಲ್ಲಿ ಇವಳ ಮನೆ ಯಾವ ಬೀದಿ ಅಂತ ಕೇಳಿದ. ಸಾಬರು ಕತೆಯನ್ನೆಲ್ಲ ಕೇಳಿದರು. ನಗು ಬಂತು, ತಡೆದುಕೊಂಡರು. ಕತ್ತು ಬಿಚ್ಚಿದರೆ ಒಳಗೆ ಮಾಡಿದವರ ಮೊಹರು ಇದ್ದರೂ ಇರಬಹುದು, ನೋಡೇಬಿಡೋಣ ಅಂತ ತಿರುಪು ಬಿಚ್ಚಿದರು. ಮರದ ಸಂದಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಮೊಹರು ಇತ್ತು.

ಕಲ್ಕತ್ತಾ.

ಸಾಬರು ಕನ್ನಡಕ ಒರೆಸಿ ಮತ್ತೆ ನೋಡಿದರು. ಮಾಯಿಗ ನೆಲಕ್ಕೆ ಕುಸಿದ. ಕೆಮ್ಮುತ್ತದೆ ಅಂದಿದ್ದರಲ್ಲ! ಇಷ್ಟು ದಿನದಲ್ಲಿ ಒಂದು ದಿನವೂ ಇವಳು ಕೆಮ್ಮಲಿಲ್ಲವಲ್ಲ. ಕಲ್ಕತ್ತಾದಲ್ಲಿ ಹುಟ್ಟಿ, ಯಾರಿಗೂ ಹೇಳದೆ, ಸೂರ್ಯನ ಊರಿನವಳ ಹಾಗೆ ಗುಡುಗಿದಳಲ್ಲ. ಅವನಿಗೆ ಆ ಕಪ್ಪು ಮರದ ಮೇಲೆ ಎಂಥ ಭಕ್ತಿ ಬಂತು ಅಂದರೆ ಎದ್ದು ಕೈ ಮುಗಿದ.

ಇವತ್ತು ಹಬ್ಬ, ಮೇಷ್ಟ್ರು ಕಾಯುತ್ತಿರುತ್ತಾರೆ, ವಾಪಸು ಕರೆದುಕೊಂಡು ಹೋಗು ಅಂದರು ಸಾಬರು. ಆಷಾಢ, ಆಗದು ಅಂದ ಇವನು. ಸಾಬರು ತಿರುಪು ಬಿಗಿಯುತ್ತಾ ಅಲ್ಲೇ ಒಂದು ಶಾಸ್ತ್ರ ಹೊಸೆದರು. “ಕಲ್ಕತ್ತಾದವರಲ್ಲಿ ಆ ಪದ್ಧತಿ ಇಲ್ಲಪ್ಪ. ಬಾ, ನನ್ನ ಸ್ಕೂಟರು ಹತ್ತು.”

ಇಗರ್ಜಿಯ ಅಂಗಳದಲ್ಲಿ ಜನ ಕಿಕ್ಕಿರಿದಿತ್ತು. ಕೆಂಪು ಕೋಟಿನವರೆಲ್ಲ ಸಾಲಾಗಿ ನಿಂತಿದ್ದರು, ನಡುವೆ ಮೇಷ್ಟ್ರು ಬರಿಗೈಯಲ್ಲಿ. ಪಾದ್ರಿಗಳು ಗಡಿಯಾರ ನೋಡುತ್ತಿದ್ದರು. ದ್ಯಾವಮ್ಮ ಆ ವಾರಸುದಾರರಿಲ್ಲದ ಕೋಟನ್ನು ಮಡಿಸಿ ಎದೆಗವಚಿಕೊಂಡು ಬಾಗಿಲ ಬಳಿ ನಿಂತಿದ್ದಳು. ಸ್ಕೂಟರು ಬಂದು ನಿಂತದ್ದೇ ಮೇಷ್ಟ್ರು ಏನೂ ಕೇಳದೆ ಗಿಟಾರು ಕಿತ್ತುಕೊಂಡು, ಸೀರೆ ಬಿಚ್ಚಿ ಎಸೆದು, ಸ್ಪೀಕರಿನ ವೈರು ಸಿಕ್ಕಿಸಿ ಮಿಡಿದರು.

ಏನು ಹೇಳಲಿ. ಇಗರ್ಜಿಯ ಗಂಟೆ ಯಾರೂ ಮುಟ್ಟದೆ ಸಣ್ಣಗೆ ಗುಂಯ್ ಅಂದಿತು. ಮಾಡಿನ ಪಾರಿವಾಳಗಳೆಲ್ಲ ಎದ್ದು ಒಂದು ಸುತ್ತು ಹಾರಿ ಮತ್ತೆ ಕೂತವು. ಸಾಲುಸಾಲು ಜನ ತಮಗೇ ಗೊತ್ತಿಲ್ಲದೆ ಕೈ ಎದೆಗೆ ತಂದುಕೊಂಡರು. ಹಾಡು ಮುಗಿದರೂ ಚಪ್ಪಾಳೆ ತಟ್ಟಬೇಕು ಅನ್ನುವುದು ಯಾರಿಗೂ ನೆನಪಾಗಲಿಲ್ಲ.

ಮೇಷ್ಟ್ರು ಉಬ್ಬಿಹೋದರು. ಮೈಕು ಹಿಡಿದು, ಕೇಳಿಸ್ಕೊಂಡ್ರಾ, ಇದು ಜಪಾನಿನ ನಾದ, ಬೇರೆ ದೇಶದ ಮರಕ್ಕೆ ಇದು ಬರೋದಿಲ್ಲ ಅಂದರು.

ಹುಟ್ಟೂರಿನ ವಿಷಯದಲ್ಲಿ ಸುಳ್ಳು ಕೇಳಿಕೊಂಡು ಸುಮ್ಮನಿರಬಾರದು. ಮೇಷ್ಟ್ರೇ ಹೇಳಿದ್ದು. ಮಾಯಿಗ ಜನರ ನಡುವೆ ಎದ್ದು ನಿಂತ.

“ಅಲ್ಲ ಮೇಷ್ಟ್ರೇ. ಇವಳು ಕಲ್ಕತ್ತಾದವಳು. ಸಾಬರು ಬಿಚ್ಚಿ ನೋಡವ್ರೆ.”

ಸಾಬರು ತಲೆ ತಗ್ಗಿಸಿ ಹೌದು ಅಂದರು. ದ್ಯಾವಮ್ಮ ಕಣ್ಣು ಮುಚ್ಚಿಕೊಂಡಳು. ಕೋಟು ಹೋಯಿತು ಅಂತ ಅವಳಿಗೆ ಖಾತ್ರಿಯಾಯಿತು. ಮೇಷ್ಟ್ರ ಮುಖ ಬಿಳಿಚಿತು. ಒಂದು ಸಲ ಮಿಡಿದರು, ಅದೇ ಗುಡುಗು. ಕಿವಿ ಹತ್ತಿರ ತಂದು ಇನ್ನೊಂದು ಸಲ ಮಿಡಿದರು, ಅದೇ. ಕೆಮ್ಮು ಎಲ್ಲಿಯೂ ಇಲ್ಲ. ಗೊತ್ತಿಲ್ಲದ ಮನೆಗೆ ಬಂದವರ ಹಾಗೆ ಗಿಟಾರನ್ನು ನೋಡುತ್ತಾ ನಿಂತರು. ಆಮೇಲೆ ಸಿಟ್ಟೋ ಸೋಲೋ, ಸಣ್ಣ ದನಿಯಲ್ಲಿ ಅಂದರು:

“ಆ ಜಪಾನಿನ ಚೀಟಿ ನಿನ್ನ ಹತ್ರವೇ ಅದೆಯಲ್ಲ. ಈ ನಾದ ಎಲ್ಲಿಂದ ಬತ್ತದೋ ಅಲ್ಲಿಗೇ ಅಂಟಿಸ್ಕೊಂಡು ಹಾಳಾಗಿ ಹೋಗು.”

ಹೇಳಿದ್ದು ಕೇಳಿದ. ಪಂಚೆಯ ಗಂಟು ಬಿಚ್ಚಿದ. ಮೂರು ಚೀಟಿಯಲ್ಲಿ ಯಾವುದು ಜಪಾನಿನದು ಅಂತ ಪಾದ್ರಿಗಳನ್ನು ಕೇಳಿ ತಿಳಿದುಕೊಂಡ. ಹಬ್ಬದ ಊಟದ ಹಂಡೆಯಿಂದ ನಾಲ್ಕು ಅಗುಳು ಅನ್ನ ತಂದು ಅಂಗೈಯಲ್ಲಿ ಹಿಸುಕಿ ಚೀಟಿಗೆ ಮೆತ್ತಿದ. ವೇದಿಕೆಯ ಮೆಟ್ಟಿಲು ಹತ್ತಿದ. ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನು ದಾಟಿದ. ತಂತಿಯನ್ನು ಮುಟ್ಟಲಿಲ್ಲ, ಮರವನ್ನು ಮುಟ್ಟಲಿಲ್ಲ. ಮೇಷ್ಟ್ರ ಬಲಗೈ ಹಿಡಿದುಕೊಂಡು, ಇಡೀ ಊರಿನ ಎದುರು, ಅವರ ಹೆಬ್ಬೆರಳಿಗೆ ಜಪಾನಿನ ಚೀಟಿ ಸುತ್ತಿ, ಚೆನ್ನಾಗಿ ಹತ್ತಲಿ ಅಂತ ಎರಡು ಸಲ ಊದಿದ.

ಮೊದಲು ನಕ್ಕವರು ಪಾದ್ರಿಗಳು. ಆಮೇಲೆ ಅಂಗಳವೇ ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. ತಮ್ಮ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಚೀಟಿ ಕೀಳದೆ ಹಾಗೇ ಮುಂದಿನ ಹಾಡು ಬಾರಿಸಿದರು. ಬಾರಿಸಿ ಇಳಿದು ಬಂದು ದ್ಯಾವಮ್ಮನ ಎದುರು ನಿಂತು ಕೈ ಚಾಚಿದರು.

ಮಾಯಿಗನಿಗೆ ಕೊನೆಗೆ ಕೊಟ್ಟದ್ದು ಆ ಕೆಂಪು ಕೋಟು. ತೋಳು ಒಂದು ಗೇಣು ಉದ್ದ.