ಸಪ್ಪೇಪುರದ ಪುಕ್ಕಟೆ ಹಡಗು

ಒಂದಾನೊಂದು ಊರಿನಲ್ಲಿ ಎಲ್ಲವೂ ಇತ್ತು, ಸಮುದ್ರ ಒಂದು ಇರಲಿಲ್ಲ. ಊರಿನ ಹೆಸರು ಸಪ್ಪೇಪುರ. ಸಮುದ್ರ ಇಲ್ಲ ಅಂತ ಅಲ್ಲಿನ ರಾಜ ಬಸವಂತರಾಯನಿಗೆ ಬೇಜಾರೇನೂ ಇರಲಿಲ್ಲ. ಅವನಿಗೆ ಬೇಜಾರಿದ್ದದ್ದು ಹಡಗು ಇಲ್ಲ ಅಂತ. ಹಡಗು ಕಟ್ಟಿಸಿದ. ಊರ ಕೆರೆಯಲ್ಲಿ ಬಿಟ್ಟ. ಕೆರೆ ದೊಡ್ಡದೇ, ಆದರೆ ಹಡಗೂ ದೊಡ್ಡದು. ಮೀನುಗಳು ಸ್ವಲ್ಪ ಜರುಗಿ ಕೂರಬೇಕಾಯಿತು.

ಹಡಗು ಕಟ್ಟಿಸಿ ಬೊಕ್ಕಸ ಖಾಲಿಯಾಗಿತ್ತು. ಹತ್ತಿದವರು ಬೆಳ್ಳಿ ಕಾಸು ಕೊಡಬೇಕು ಅಂತ ರಾಜ ಡಂಗುರ ಹೊಡೆಸಿದ. ಒಬ್ಬರೂ ಹತ್ತಲಿಲ್ಲ. ಏರಿಯ ಮೇಲೆ ನಡೆದರೆ ಊಟದ ಹೊತ್ತಿಗೆ ಆಚೆ ದಡದಲ್ಲಿರುತ್ತೇವೆ, ಕಾಸು ಯಾಕೆ ಕೊಡೋಣ ಅಂದರು. ರಾಜ ತನ್ನ ಮಂತ್ರಿ ಪಿಟ್ಟಣ್ಣನನ್ನು ಕರೆಸಿದ.

"ಹತ್ತೋದಕ್ಕೆ ಏನೂ ತಗೋಬಾರದು, ಪ್ರಭು," ಅಂದ ಪಿಟ್ಟಣ್ಣ. "ಹತ್ತಿದವರಿಗೆ ಲೋಟದ ತುಂಬ ಮಜ್ಜಿಗೆ ಕೊಡಬೇಕು. ಅದಕ್ಕೂ ಏನೂ ತಗೋಬಾರದು."

"ಹಾಗಾದರೆ ನಾವು ತಿನ್ನೋದೇನು?"

"ಕೊಟ್ಟ ಲೋಟ ವಾಪಸ್ಸು ಬರುತ್ತಲ್ಲ, ಪ್ರಭು."

ಇಲ್ಲಿ ನಿಮಗೆ ಸಪ್ಪೇಪುರದ ಒಂದು ಪದ್ಧತಿ ಹೇಳಬೇಕು. ಪಕ್ಕದ ಮನೆಯವರು ಬಟ್ಟಲಲ್ಲಿ ಪಲ್ಯ ಕೊಟ್ಟು ಕಳಿಸಿದರೆ ಆ ಬಟ್ಟಲನ್ನು ಬರಿದಾಗಿ ವಾಪಸ್ಸು ಕೊಡುವ ಹಾಗಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ನಿಮ್ಮ ಮನೆಯಲ್ಲೂ ಹಾಗೇ ಅನ್ನುತ್ತೀರಿ, ಗೊತ್ತು. ನಿಮ್ಮದು ಬರೀ ಪದ್ಧತಿ, ಅವರದು ಪ್ರಾಣ. ಆ ಊರಿನಲ್ಲಿ ಒಬ್ಬ ಕಳ್ಳ ಬಿಂದಿಗೆ ಕದ್ದವನು ಸಿಕ್ಕಿಬಿದ್ದದ್ದು ಹೇಗೆ ಅಂದರೆ, ಅದನ್ನು ವಾಪಸ್ಸು ಇಡಲು ಬಂದಾಗ ಒಳಗೆ ಹಾಕುವುದಕ್ಕೆ ಬೆಲ್ಲ ಇಲ್ಲ ಅಂತ ಅದೇ ಮನೆಯವರನ್ನು ಎಬ್ಬಿಸಿ ಕೇಳಿದ.

ಹಡಗು ಪುಕ್ಕಟೆ, ಮಜ್ಜಿಗೆ ಪುಕ್ಕಟೆ ಅಂತ ಡಂಗುರ ಹೊಡೆದರು. ಊರಿಗೆ ಊರೇ ಹತ್ತಿತು. ಎಲ್ಲರೂ ಮಜ್ಜಿಗೆ ಕುಡಿದರು. ಕುಡಿದು ಲೋಟ ನೋಡಿದರು. ಲೋಟ ಖಾಲಿ. ಅಕ್ಕಪಕ್ಕ ನೋಡಿದರು. ಹಡಗಿನಲ್ಲಿ ಲೋಟಕ್ಕೆ ಹಾಕುವಂಥದ್ದು ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಇದ್ದದ್ದು ಒಂದು ಅಂಗಡಿ. ಅಂಗಡಿಯಲ್ಲಿ ಪಿಟ್ಟಣ್ಣ. ಪಿಟ್ಟಣ್ಣನ ಮುಂದೆ ಒಂದು ಚಿಟಿಕೆ ಸಕ್ಕರೆ. ಬೆಲೆ ಬೆಳ್ಳಿ ಕಾಸು.

ಒಬ್ಬ ಕಾಸು ಕೊಟ್ಟು ಸಕ್ಕರೆ ಕೊಂಡು ಲೋಟಕ್ಕೆ ಹಾಕಿ ಅಡುಗೆಮನೆಗೆ ಕೊಟ್ಟ. ಅಡುಗೆಮನೆಯವರು ಅದನ್ನು ಅಂಗಡಿಗೆ ಕೊಟ್ಟರು. ಅಂಗಡಿಯಲ್ಲಿ ಇನ್ನೊಬ್ಬ ಕೊಂಡ. ಇಡೀ ಹಡಗಿಗೆ ಅದೊಂದೇ ಚಿಟಿಕೆ. ಬೊಕ್ಕಸ ತುಂಬುತ್ತಾ ಬಂತು. ಸಕ್ಕರೆ ಮಾತ್ರ ಸುತ್ತಿ ಸುತ್ತಿ ಸುಸ್ತಾಗಿ, ನನ್ನನ್ನು ಯಾರಾದರೂ ತಿಂದುಬಿಡಿ ಅಂತ ಕೇಳಿಕೊಳ್ಳುತ್ತಿತ್ತು. ಯಾರೂ ತಿನ್ನಲಿಲ್ಲ. ಅಷ್ಟು ದುಬಾರಿ ಸಕ್ಕರೆಯನ್ನು ಯಾರು ತಿನ್ನುತ್ತಾರೆ ಹೇಳಿ.

ಆ ಹಡಗಿನಲ್ಲಿ ನಂಜವ್ವ ಅನ್ನುವವಳೂ ಇದ್ದಳು. ಅವಳ ಮಗಳು ಕೆಂಪಿಯನ್ನು ಆಚೆ ದಡಕ್ಕೇ ಮದುವೆ ಮಾಡಿಕೊಟ್ಟಿದ್ದರು. ಕೆಂಪಿ ತುಂಬು ಬಸುರಿ, ಚೊಚ್ಚಲು. ತವರಿಗೆ ಕರೆತರೋಣ ಅಂದರೆ ಕಾಲು ಊದಿ ಹೆಜ್ಜೆ ಇಡಲಾಗದು. ಅದಕ್ಕೆ ತಾಯಿಯೇ ಹೊರಟಳು. ಕಂಕುಳಲ್ಲಿ ಒಂದು ಡಬ್ಬಿ. ಡಬ್ಬಿಯ ತುಂಬ ಬಾಣಂತಿಗೆ ಕೊಡುವ ಅಂಟಿನುಂಡೆ. ಕೊಬ್ಬರಿ, ಒಣಖರ್ಜೂರ, ಗೋಡಂಬಿ, ಅಂಟು ಎಲ್ಲ ಹಾಕಿ ತುಪ್ಪದಲ್ಲಿ ಕಟ್ಟಿದ್ದಳು. ನಡೆದೇ ಹೋಗಬಹುದಿತ್ತು. ಆದರೆ ಹಡಗು ಪುಕ್ಕಟೆ. ನೀವಾಗಿದ್ದರೆ ನಡೀತಿದ್ರಾ?

ನಂಜವ್ವನ ಹತ್ತಿರ ಕಾಸಿರಲಿಲ್ಲ. ಮಜ್ಜಿಗೆ ಕುಡಿದ ಲೋಟಕ್ಕೆ ಒಂದು ಉಂಡೆ ಹಾಕಿ ಕೊಟ್ಟಳು. ಒಂದು ತಾನೆ, ಹೋಗಲಿ ಅಂದುಕೊಂಡಳು. ಆ ಉಂಡೆಯನ್ನು ಹಡಗಿನಲ್ಲೇ ಇದ್ದ ರಾಜ ತಿಂದ. ತಿಂದವನು ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆದು, ಈ ಹಡಗಿನಲ್ಲಿ ಇನ್ನೂ ಯಾವ ಯಾವ ಪಾತ್ರೆಗಳಿವೆ ಅಂತ ಮಂತ್ರಿಯನ್ನು ಕೇಳಿದ.

ಪಿಟ್ಟಣ್ಣ ಯೋಚಿಸಿದ. ಕುರ್ಚಿಯೂ ಪಾತ್ರೆಯೇ ಅಂದ. ಅದರಲ್ಲಿ ಮನುಷ್ಯನನ್ನು ಹಾಕಿಡುತ್ತೇವೆ, ಎದ್ದರೆ ಬರಿದಾಗುತ್ತದೆ. ಹಾಸಿಗೆಯೂ ಪಾತ್ರೆ, ಅದರಲ್ಲಿ ನಿದ್ದೆ ಕೊಡುತ್ತೇವೆ. ಕಿಟಕಿ ಪಾತ್ರೆ, ಅದರ ತುಂಬ ಕೆರೆ ಕೊಡುತ್ತೇವೆ. ಕೆರೆ ನೋಡಿ ಮುಗಿಸಿದವರು ಕಿಟಕಿಯನ್ನು ಬರಿದು ಬಿಟ್ಟು ಹೋಗುವುದೇ? ಜನ ನ್ಯಾಯ ಅಂದರು. ನ್ಯಾಯವೇ ತಾನೆ. ಎದ್ದರೆ ಚಿಟಿಕೆ ಸಕ್ಕರೆ, ಮಲಗಿ ಎದ್ದರೆ ಚಿಟಿಕೆ ಸಕ್ಕರೆ, ಕೆರೆ ನೋಡಿದರೆ ಚಿಟಿಕೆ ಸಕ್ಕರೆ. ನಂಜವ್ವ ನಿಂತೇ ಇದ್ದಳು, ಕಣ್ಣು ಮುಚ್ಚಿಯೇ ಇದ್ದಳು. ಆದರೂ ಕಾಲು ನೋಯುತ್ತದಲ್ಲ, ಕೂತಳು. ಕೂತವಳು ಏಳಬೇಕಲ್ಲ, ಎದ್ದಳು. ಡಬ್ಬಿ ಹಗುರಾಗುತ್ತಾ ಬಂತು.

ಕೊನೆಗೆ ಹಡಗು ಆಚೆ ದಡ ಮುಟ್ಟಿತು. ಜನ ಇಳಿದರು, ನಂಜವ್ವನೂ ಇಳಿದಳು. ಅಳಿಯ ಬಂದು ಕಾಲಿಗೆ ಬಿದ್ದ. ಆಮೇಲೆ ಆ ದಡದವರು ಹಡಗು ನೋಡಿದರು. ಹಡಗು ಖಾಲಿ. ರಾಜರು ಇಷ್ಟು ದೊಡ್ಡ ಪಾತ್ರೆಯ ತುಂಬ ಜನ ಹಾಕಿ ಕಳಿಸಿದ್ದಾರೆ, ಬರಿದಾಗಿ ವಾಪಸ್ಸು ಕಳಿಸಿದರೆ ನಮ್ಮ ಮಾನ ಉಳಿಯುತ್ತದೆಯೇ ಅಂದರು. ಆ ದಡದಲ್ಲಿ ಸಕ್ಕರೆ ಇರಲಿಲ್ಲ. ಅದಕ್ಕೆ ಬಂದವರನ್ನೇ ಮತ್ತೆ ತುಂಬಿದರು. ನಂಜವ್ವನನ್ನು ಅಳಿಯನೇ ಕೈಮುಗಿದು ಹತ್ತಿಸಿದ. ತಪ್ಪು ತಿಳೀಬೇಡಿ ಅತ್ತೆ, ಪದ್ಧತಿ ಅಂದ.

ಈ ದಡಕ್ಕೆ ಬಂದರೆ ಇಲ್ಲಿ ಉಳಿದಿದ್ದವರೂ ಮರ್ಯಾದಸ್ಥರೇ. ಅವರೂ ತುಂಬಿ ಕಳಿಸಿದರು. ಹಡಗು ಹೋಯಿತು, ಬಂತು. ಹೋಯಿತು, ಬಂತು. ಸಕ್ಕರೆ ಸುತ್ತಿತು, ಜನ ಸುತ್ತಿದರು, ಬೊಕ್ಕಸ ಉಬ್ಬಿತು.

ಅಷ್ಟರಲ್ಲಿ ಕೆಂಪಿಗೆ ನೋವು ಶುರುವಾಯಿತು. ನೋವು ಬಂತು, ಮಗು ಬರಲಿಲ್ಲ. ಸೂಲಗಿತ್ತಿ ಕೆಂಪಿಯ ಹೊಟ್ಟೆಗೆ ಕಿವಿಯಿಟ್ಟು, ಯಾಕಪ್ಪ ಬರೋದಿಲ್ಲ ಅಂತ ಕೇಳಿದಳು. ಅದೂ ಸಪ್ಪೇಪುರದ ರಕ್ತ. ಮಗು ಒಳಗಿಂದ, ನಾನು ಬಂದರೆ ಈ ಜಾಗ ಬರಿದಾಗುತ್ತದೆ, ವಾಪಸ್ಸು ಏನು ಹಾಕಿಕೊಡಲಿ ಅಂತ ಕೇಳಿತು. ಸೂಲಗಿತ್ತಿ ಅಳಿಯನನ್ನು ದಡಕ್ಕೆ ಓಡಿಸಿದಳು. ಹಡಗು ದಡ ಮುಟ್ಟಿದಾಗ ಅಳಿಯ ಈ ಸುದ್ದಿ ಹೇಳಿ, ಅಳುತ್ತಲೇ ಅತ್ತೆಯನ್ನು ಮತ್ತೆ ಹತ್ತಿಸಿದ. ಕೆಂಪಿ ಕಿರುಚುವುದು ಹಡಗಿನವರೆಗೂ ಕೇಳಿಸುತ್ತಿತ್ತು. ನಂಜವ್ವ, ಈ ಪುಕ್ಕಟೆ ಮಜ್ಜಿಗೆಗೆ ಬಾಯಿ ಬಿಟ್ಟೆನಲ್ಲ ಅಂತ ತನ್ನನ್ನು ತಾನೇ ಬೈದುಕೊಂಡಳು.

ಇತ್ತ ರಾಜನ ಕತೆ ಬೇರೆಯಾಗಿತ್ತು. ಬಾಣಂತಿಯ ಉಂಡೆಗಳನ್ನು ಅಷ್ಟೊಂದು ತಿಂದವನು ಏನಾಗುತ್ತಾನೆ? ಬಾಣಂತಿಯಾಗುತ್ತಾನೆ. ರಾಜ ಕಿವಿಗೆ ಹತ್ತಿ ಇಟ್ಟುಕೊಂಡ. ತಲೆಗೆ ಬಟ್ಟೆ ಕಟ್ಟಿಕೊಂಡು ಅದರ ಮೇಲೆ ಕಿರೀಟ ಇಟ್ಟುಕೊಂಡ. ಗಾಳಿ ತಾಕಬಾರದು ಅಂತ ಕಿಟಕಿಗಳನ್ನೆಲ್ಲ ಮುಚ್ಚಿಸಿದ. ಮೈಗೆ ಎಣ್ಣೆ ಹಚ್ಚಿಸಿಕೊಂಡು, ಹಂಡೆ ಹಂಡೆ ಬಿಸಿನೀರು ಹುಯ್ಯಿಸಿಕೊಂಡ. ಹಡಗಿನ ತುಂಬ ಹಬೆ. ಆ ಹಬೆಯಲ್ಲಿ ಅಂಗಡಿಯ ಸಕ್ಕರೆ, ಅಬ್ಬ, ಸದ್ಯ ಅಂದು ಕರಗಿ ಹೋಯಿತು. ಬಾಣಂತಿ ರಾಜನನ್ನು ಎಬ್ಬಿಸುವ ಧೈರ್ಯವಿಲ್ಲದೆ ಪಿಟ್ಟಣ್ಣ ವಿಷಯ ಮುಚ್ಚಿಟ್ಟ.

ಡಬ್ಬಿಯಲ್ಲಿ ಒಂದೇ ಒಂದು ಉಂಡೆ ಉಳಿದಿತ್ತು. ನಂಜವ್ವ ಈ ಸಲ ಅದನ್ನು ಲೋಟಕ್ಕೆ ಹಾಕಲಿಲ್ಲ. ಡಬ್ಬಿಯನ್ನೇ ತಗೊಂಡು ಹೋಗಿ ರಾಜನ ಮುಂದಿಟ್ಟಳು. ರಾಜ ಉಂಡೆ ತಿಂದ. ಬೆರಳು ನೆಕ್ಕಿದ. ಆಮೇಲೆ ಡಬ್ಬಿ ನೋಡಿದ.

ಡಬ್ಬಿ ನಂಜವ್ವನದು. ಡಬ್ಬಿ ಖಾಲಿ. ರಾಜನಾದರೇನು, ಅವನೂ ಸಪ್ಪೇಪುರದಲ್ಲೇ ಹುಟ್ಟಿದವನು. ಸಕ್ಕರೆ ತಾ ಅಂದ. ಪಿಟ್ಟಣ್ಣ ಕರಗಿದ ಸಂಗತಿ ಹೇಳಿದ. ಬೊಕ್ಕಸದ ಬೆಳ್ಳಿ ಹಾಕು ಅಂದ ರಾಜ. ಬೊಕ್ಕಸವೂ ಪಾತ್ರೆಯೇ ಪ್ರಭು, ಬರಿದು ಮಾಡುವ ಹಾಗಿಲ್ಲ ಅಂದ ಪಿಟ್ಟಣ್ಣ. ಕಿರೀಟ ಹಾಕು ಅಂದ. ಡಬ್ಬಿ ಸಣ್ಣದು, ಕಿರೀಟ ಹಿಡಿಸಲಿಲ್ಲ. ರಾಜನಿಗೆ ಬಾಣಂತಿ ನಡುಕ ಶುರುವಾಯಿತು.

"ಏನು ಹಾಕಲವ್ವ? ನೀನೇ ಕೇಳು," ಅಂದ.

"ದೊಡ್ಡದೇನೂ ಬೇಡ ಬುದ್ಧಿ," ಅಂದಳು ನಂಜವ್ವ. "ಪಾತ್ರೆ ಬರಿದು ಕೊಡಬಾರದು ಅನ್ನೋ ಪದ್ಧತಿ ಐತಲ್ಲ, ಅದನ್ನೇ ಹಾಕಿಕೊಡಿ. ನನ್ನ ಮಗಳು ನೋವು ತಿನ್ತಾವಳೆ."

ರಾಜನಿಗೆ ಇಷ್ಟು ಅಗ್ಗದಲ್ಲಿ ಮುಗಿಯಿತಲ್ಲ ಅಂತ ಖುಷಿಯಾಯಿತು. ಡಬ್ಬಿಗೆ ಬಾಯಿಟ್ಟು ಪದ್ಧತಿಯನ್ನು ಪೂರ್ತಿ ಒಳಕ್ಕೆ ಹೇಳಿದ. ನಂಜವ್ವ ಟಪ್ ಅಂತ ಮುಚ್ಚಳ ಹಾಕಿದಳು.

ಮುಚ್ಚಳ ಬಿದ್ದದ್ದೇ ತಡ, ಹಡಗಿನ ಮಂದಿ ಲೋಟಗಳನ್ನು ಬರಿದಾಗಿ ಇಟ್ಟು, ಕುರ್ಚಿ ಬಿಟ್ಟು ಎದ್ದರು. ಕಿಟಕಿ ತೆರೆದು ಬೇಕಾದಷ್ಟು ಕೆರೆ ನೋಡಿದರು. ಆಚೆ ದಡ ಬಂದಾಗ ಇಳಿದುಬಿಟ್ಟರು. ಯಾರೂ ಅವರನ್ನು ಹತ್ತಿಸಲಿಲ್ಲ. ಖಾಲಿ ಹಡಗಿನಲ್ಲಿ ರಾಜ ಕಿವಿ ಮುಚ್ಚಿಕೊಂಡು ಕೂತಿದ್ದ. ಪಿಟ್ಟಣ್ಣ ಬಾಣಂತಿಗೆ ಕಟ್ಟುವ ಹಾಗೆ ಅವನ ಸೊಂಟಕ್ಕೆ ಬಟ್ಟೆ ಕಟ್ಟುತ್ತಿದ್ದ.

ನಂಜವ್ವ ಓಡಿದಳು. ಕೆಂಪಿ ಅವ್ವನ ಕೈ ಹಿಡಿದುಕೊಂಡು ಅತ್ತಳು, ಅವ್ವನೂ ಅತ್ತಳು. ಆಮೇಲೆ ನಂಜವ್ವ ಮಗಳ ಹೊಟ್ಟೆಯ ಹತ್ತಿರ ಬಾಗಿ, "ಪದ್ಧತಿ ಡಬ್ಬೀಲೈತೆ ಕಣವ್ವ, ನೀನು ಬಾ," ಅಂದಳು. ಅಷ್ಟು ಸಾಕಾಯಿತು. ಹೆಣ್ಣು ಮಗು, ದುಂಡಗಿತ್ತು.

ಮಗು ಅಳಲಿಲ್ಲ. ಆ ಕಾಲದಲ್ಲಿ ಮಕ್ಕಳು ಹುಟ್ಟುವಾಗ ಅಳುತ್ತಿರಲಿಲ್ಲ. ಅದು ಸುತ್ತಲೂ ನೋಡಿತು. ಒಂದು ಉಸಿರು ಎಳೆದುಕೊಂಡಿತು. ಚೆನ್ನಾಗಿತ್ತು. ಬಿಸಿಲು ನೋಡಿತು. ಅದೂ ಚೆನ್ನಾಗಿತ್ತು. ಅಜ್ಜಿಯ ಮುಖ ನೋಡಿ, ಇದಕ್ಕೆಲ್ಲ ಏನು ಕೊಡಬೇಕು ಅಂತ ಕೇಳಿತು.

ನಂಜವ್ವ ಮಗುವನ್ನು ಎದೆಗೆ ಅವಚಿಕೊಂಡು, ಪ್ರೀತಿಯಿಂದ ಅದರ ಕಿವಿಯಲ್ಲಿ ಹೇಳಿದಳು.

"ಏನೂ ಬೇಡ ನನ್ನವ್ವ. ಎಲ್ಲಾ ಪುಕ್ಕಟೆ."

ಆಗ ಮಗು ಅಳಲು ಶುರು ಮಾಡಿತು. ಅಂದಿನಿಂದ ಹುಟ್ಟುವ ಮಕ್ಕಳೆಲ್ಲ ಅಳುತ್ತಲೇ ಹುಟ್ಟುತ್ತವೆ.

ಹೇಳಿದ್ದು ನಾನು, ಕೇಳಿದ್ದು ನೀವು, ಇಳಿಯುವವರು ಇಳಿಯಬಹುದು.