ಹಾಲು ಉಕ್ಕಿಸುವವರು

ಅಂಚೆ ಕಚೇರಿಯ ಗುಮಾಸ್ತೆ ನೀಲಮ್ಮನವರ ಹೊಸ ಮನೆ ಗೋಡೆಯವರೆಗೆ ಎದ್ದು ಅಲ್ಲಿಗೇ ನಿಂತುಬಿಟ್ಟಿತ್ತು. ಮೊದಲು ಮರಳು ಇರಲಿಲ್ಲ. ಮರಳು ಸಿಕ್ಕಾಗ ಗಾರೆಯವರು ಊರಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಆಷಾಢ ಬಂತು. ಇತ್ತ ಬಾಡಿಗೆ ಮನೆಯ ಮಾಲೀಕರು ದೀಪಾವಳಿಯೊಳಗೆ ಖಾಲಿ ಮಾಡಿ ಎಂದಿದ್ದರು.

“ಸ್ವಂತ ಮನೆ ಬೇಕಂದ್ರೆ ತಾಳ್ಮೆ ಕಲೀರಿ ಮೇಡಂ,” ಎಂದರು ಕಂಟ್ರಾಕ್ಟರ್ ಮಾದಪ್ಪ.

ನೀಲಮ್ಮ ಕುಂಕುಮದ ಬಟ್ಟಲು ಹಿಡಿದು ಮಾದಪ್ಪನ ತಾಯಿಯ ಬಳಿ ಹೋದರು.

“ದೀಪಾವಳಿಗೆ ಮೊದಲೇ ಗೃಹಪ್ರವೇಶ, ಅವ್ವಾ. ಮನೆ ಕಟ್ಟಿದವರ ತಾಯಿ ನೀವು. ಹಾಲು ನೀವೇ ಉಕ್ಕಿಸಬೇಕು.”

ಮಗ ಕಟ್ಟಿದ ಯಾವ ಮನೆಗೂ ಆಕೆಯನ್ನು ಯಾರೂ ಕರೆದಿರಲಿಲ್ಲ. ಆಕೆ ಬೀದಿಗೆಲ್ಲ ಹೇಳಿಕೊಂಡು ಬಂದರು.

ಸಂಜೆ ಮಾದಪ್ಪ ಓಡಿಬಂದರು. “ಸೂರೇ ಇಲ್ಲದ ಮನೆಗೆ ನಮ್ಮವ್ವನ್ನ ಕರೆದಿದ್ದೀರಲ್ಲ!”

“ತಪ್ಪಾಯ್ತು. ಅವ್ವನಿಗೂ ತಾಳ್ಮೆ ಕಲಿಯೋಕೆ ಹೇಳಿಬಿಡಿ.”

“ಹೆಂಗೆ ಹೇಳ್ಲಿ? ಹೊಸ ಸೀರೆ ತಗೊಂಡುಬಿಟ್ಟವ್ಳೆ!”

ಮರುದಿನ ಮರಳೂ ಬಂತು, ಗಾರೆಯವರೂ ಬಂದರು. ದೀಪಾವಳಿಗೆ ಮೊದಲೇ ಹಾಲು ಉಕ್ಕಿತು. ಅವ್ವ ಗೋಡೆಯನ್ನು ಮೆಲ್ಲಗೆ ಸವರಿ, “ಇದನ್ನ ನೀನಾ ಕಟ್ಟಿದ್ದು, ಮಗಾ?” ಎಂದರು.

ಮಾದಪ್ಪ ಒಲೆಯ ಹೊಗೆಯನ್ನು ಬೈಯುತ್ತಾ ಕಣ್ಣೊರೆಸಿಕೊಂಡರು. ಒಲೆ ಗ್ಯಾಸಿನದು.