ಇಪ್ಪತ್ತು ಮಾರು ದೂರ

ಹೆಪ್ಪುಗಟ್ಟಿದ ಸರೋವರವನ್ನು ದಾಟಲು ಮುದಿ ಚಮರಿಮೃಗವೂ ಹಿಮದ ಮೇಲೆ ಓಡುವ ಹೊಸದೊಂದು ಸ್ನೋಮೊಬೈಲ್ ಬಂಡಿಯೂ ಒಟ್ಟಿಗೆ ಹೊರಟವು. ದಡದವರೆಗೂ ಮೈಗೆ ಮೈ ತಾಗಿಸಿಕೊಂಡೇ ಬಂದ ಚಮರಿ, ಮಂಜುಗಡ್ಡೆಗೆ ಕಾಲಿಡುವ ಮುನ್ನ ತನ್ನ ಕೊರಳಿನ ಉದ್ದನೆಯ ಹಗ್ಗದ ತುದಿಯನ್ನು ಬಂಡಿಯ ಹಿಂಬದಿಯ ಕೊಕ್ಕೆಗೆ ಸಿಕ್ಕಿಸಿತು. ಆಮೇಲೆ, "ಇನ್ನು ನನ್ನಿಂದ ಇಪ್ಪತ್ತು ಮಾರು ದೂರವಿರು, ತಮ್ಮಾ" ಎಂದಿತು.

ಬಂಡಿಗೆ ತಲೆಬುಡ ತಿಳಿಯಲಿಲ್ಲ. "ಕಟ್ಟಿಕೊಳ್ಳುವವಳೂ ನೀನೇ, ದೂರ ಹೋಗೆನ್ನುವವಳೂ ನೀನೇ. ನಾನು ನಿನಗೆ ಬೇಕೋ ಬೇಡವೋ, ಅಜ್ಜಿ?"

"ಮೊದಲು ನಡಿ."

ಬಂಡಿ ಮುಂದೆ ಹೋಯಿತು, ಚಮರಿ ಹಿಂದೆ ಬಂತು. ಸರೋವರದ ನಡುವೆ ಬಂಡಿಗೆ ತಡೆಯಲಾಗಲಿಲ್ಲ. ನಿಂತು ಕೇಳಿತು: "ನನ್ನ ಎಂಜಿನ್ನಿನ ಸದ್ದು ನಿನಗೆ ಹಿಡಿಸಲಿಲ್ಲವೇ?"

ಚಮರಿಯೂ ಅಷ್ಟೇ ದೂರದಲ್ಲಿ ನಿಂತಿತು. "ಸದ್ದು ಪರವಾಗಿಲ್ಲ."

"ಹಾಗಾದರೆ ಹೊಗೆಯೇ?"

"ಹೊಗೆಯೂ ಪರವಾಗಿಲ್ಲ. ಸುಮ್ಮನೆ ನಡಿ."

ಸದ್ದೂ ಅಲ್ಲ, ಹೊಗೆಯೂ ಅಲ್ಲ. ಮತ್ತೇನೆಂದು ಯೋಚಿಸುತ್ತ ಬಂಡಿ ಹತ್ತು ಗಜ ಹೋಗಿರಬಹುದು. ಅದರ ಮೂತಿಯ ಕೆಳಗಿನ ಮಂಜುಗಡ್ಡೆ ಬಿರಿಯಿತು. ಮುಂಭಾಗ ಪೂರ್ತಿ ನೀರಿಗಿಳಿಯಿತು. ಚಮರಿ ನಾಲ್ಕೂ ಗೊರಸುಗಳನ್ನು ಊರಿ ನಿಂತು, ಹಗ್ಗ ಜಗ್ಗಿ, ಬಂಡಿಯನ್ನು ಹಿಂದಕ್ಕೆ ಗಟ್ಟಿ ಮಂಜಿನ ಮೇಲೆ ಎಳೆದುಕೊಂಡಿತು.

ಬಂಡಿ ಮೂತಿಯ ನೀರು ಕೊಡವುತ್ತ ಕೇಳಿತು: "ಈಗಲಾದರೂ ಪಕ್ಕಕ್ಕೆ ಬರಲೇ, ಅಜ್ಜಿ?"

"ಬೇಡ. ಆಗ ನೀನು ನನ್ನ ಪಕ್ಕದಲ್ಲೇ ಇದ್ದಿದ್ದರೆ, ನಿನ್ನನ್ನು ಎಳೆಯಲು ಯಾರು ಉಳಿಯುತ್ತಿದ್ದರು?"

ಬಂಡಿ ಬಿರುಕನ್ನು ಸುತ್ತಿಕೊಂಡು ಹೋಗಿ, ಹಗ್ಗ ಪೂರ್ತಿ ಬಿಗಿಯಾಗುವಷ್ಟು ದೂರ ತಾನಾಗಿಯೇ ಸರಿದು ನಿಂತಿತು.